ಕಡಲ ಸಿಡಿಲೂ ತಿಮಿಂಗಿಲದ ಕಿವಿಯೂ

ಕಡಲಿಗೆ ಸಿಡಿಲು ಬಡಿದರೆ ಅಲ್ಲಿರುವ ಮೀನುಗಳೆಲ್ಲ ಯಾಕೆ ಸತ್ತು ತೇಲುವುದಿಲ್ಲ? ನೀರಿನಲ್ಲಿ ಕರೆಂಟ್ ಹರಿಯುತ್ತದೆ ಎಂದು ಶಾಲೆಯಲ್ಲಿ ಕಲಿತ ಮಗು ಎಂದಾದರೊಮ್ಮೆ ಕೇಳಿಯೇ ಕೇಳುವ ಪ್ರಶ್ನೆ ಇದು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ ಎಂದು ಬೈಸಿಕೊಂಡು ಬೆಳೆದ ನಮಗೂ ಉತ್ತರ ತಟ್ಟನೆ ಹೊಳೆಯುವುದಿಲ್ಲ. ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ವಿದ್ಯುತ್ ಇನ್ನೂ ಸಲೀಸಾಗಿ ಹರಿಯುತ್ತದೆ ಎಂದು ತಿಳಿದ ಮೇಲೆ ಒಗಟು ಮತ್ತಷ್ಟು ಬಿಗಿಯಾಗುತ್ತದೆ. ಮೀನಾದರೆ ಆಳದಲ್ಲಿ ಅಡಗಿ ಕೂರಬಹುದು. ತಿಮಿಂಗಿಲ ಏನು ಮಾಡಬೇಕು? ಅದು ನಮ್ಮ ಹಾಗೆಯೇ ಶ್ವಾಸಕೋಶದ ಪ್ರಾಣಿ. ಮೇಲೆ ಗುಡುಗಿರಲಿ, ಬಿರುಗಾಳಿಯಿರಲಿ, ಉಸಿರಿಗಾಗಿ ನೀರಿನ ಮೇಲ್ಮೈಗೆ ಬರಲೇಬೇಕು. ಬಂದಾಗ ಮೈಲುಗಟ್ಟಲೆ ಸಮತಟ್ಟಾದ ನೀರಿನ ನಡುವೆ ಎದ್ದು ಕಾಣುವುದು ಅದರ ಬೆನ್ನೊಂದೇ.

ಕೇಳಿದರೆ ಭಯವಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ, ಸಿಡಿಲಿನ ವಿದ್ಯುತ್ತಿಗೆ ತಿಮಿಂಗಿಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಹುಲ್ಲುಗಾವಲಿನ ಹಸು. ಅದರ ಕಾರಣ ಕುತೂಹಲದ್ದು. ಅದಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ: ಕಡಲ ಸಿಡಿಲಿನ ಅಬ್ಬರವನ್ನು ಇತ್ತೀಚೆಗೆ ಬೇರೆ ಯಾರದೋ ತಪ್ಪಿಗೆ ಸಮರ್ಥನೆಯಾಗಿ ಮುಂದಿಡಲಾಗುತ್ತಿದೆ. ಆ ಸಮರ್ಥನೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ವಿದ್ಯುತ್ತಿನ ಮಾತು. ಒಂದು ಸಾಧಾರಣ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ವಿದ್ಯುತ್ ಹರಿಯುತ್ತದೆ. ನೆಲಕ್ಕೆ ಬಡಿದಾಗ ಅದು ಬಡಿದ ಬಿಂದುವಿನಿಂದ ಸುತ್ತಲೂ ಹರಡುತ್ತದೆ. ಮಣ್ಣು ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ತಡೆಯುತ್ತದೆ. ತಡೆ ಹೆಚ್ಚಿದ್ದಷ್ಟೂ ನೆಲದ ಒಂದು ಜಾಗಕ್ಕೂ ಪಕ್ಕದ ಜಾಗಕ್ಕೂ ನಡುವೆ ವೋಲ್ಟೇಜ್ ವ್ಯತ್ಯಾಸ ಹೆಚ್ಚುತ್ತದೆ. ಸಿಡಿಲು ಬಿದ್ದಲ್ಲಿಂದ 10 ಮೀಟರ್ ಆಚೆ ಒಂದು ಹಸು ನಿಂತಿದೆ, ಅದರ ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರ್ ಅಂತರವಿದೆ ಎನ್ನಿ. ಸಾಧಾರಣ ಮಣ್ಣಿನಲ್ಲಿ ಆ ಎರಡು ಕಾಲುಗಳ ನಡುವೆ ಸುಮಾರು 6,000 ವೋಲ್ಟ್ ವ್ಯತ್ಯಾಸ ಬರುತ್ತದೆ. ಒಣಗಿದ ಕಲ್ಲುನೆಲದಲ್ಲಿ ಇನ್ನೂ ಹೆಚ್ಚು. ವಿದ್ಯುತ್ ಒಂದು ಕಾಲಿನಲ್ಲಿ ಏರಿ, ಎದೆಯ ಮೂಲಕ ಹಾದು, ಇನ್ನೊಂದು ಕಾಲಿನಲ್ಲಿ ಇಳಿಯುತ್ತದೆ. 2016ರ ಆಗಸ್ಟ್‌ನಲ್ಲಿ ನಾರ್ವೆಯ ಹಾರ್ಡಂಗರ್‌ವಿಡ್ಡಾ ಪ್ರಸ್ಥಭೂಮಿಯಲ್ಲಿ ಒಂದೇ ಗುಡುಗುಮಳೆಗೆ 323 ಹಿಮಸಾರಂಗಗಳು ಸತ್ತು ಬಿದ್ದದ್ದಕ್ಕೂ ವಿಜ್ಞಾನಿಗಳು ಕೊಟ್ಟ ವಿವರಣೆ ಇದೇ. ಒಂದೊಂದರ ಮೇಲೂ ಸಿಡಿಲು ಬೀಳಬೇಕಿರಲಿಲ್ಲ. ಬೆದರಿ ಒತ್ತಾಗಿ ನಿಂತಿದ್ದ ಹಿಂಡಿನ ಕಾಲಡಿಯ ನೆಲವೇ ಅವನ್ನು ಕೊಂದಿತು.

ಈಗ ಅದೇ ಸಿಡಿಲನ್ನು ಅರಬ್ಬಿ ಸಮುದ್ರಕ್ಕೆ ಹಾಕಿ ನೋಡೋಣ. ಕಡಲನೀರಿನ ತಡೆ ಸಾಧಾರಣ ಮಣ್ಣಿನ ತಡೆಯ ಐನೂರನೇ ಒಂದು ಭಾಗದಷ್ಟು. ಅಂದರೆ ವಿದ್ಯುತ್ತಿಗೆ ಎಲ್ಲ ದಿಕ್ಕಿಗೂ ಹೆಬ್ಬಾಗಿಲು ತೆರೆದಿದೆ. 10 ಮೀಟರ್ ಆಚೆ, 15 ಮೀಟರ್ ಉದ್ದದ ಒಂದು ತಿಮಿಂಗಿಲ ಸಿಡಿಲಿನತ್ತ ತಲೆಮಾಡಿ ಮಲಗಿದ್ದರೂ ಅದರ ಮೂತಿಗೂ ಬಾಲಕ್ಕೂ ನಡುವೆ ಬರುವ ವ್ಯತ್ಯಾಸ ಸುಮಾರು 60 ವೋಲ್ಟ್. ಹಸುವಿಗೆ ಬಂದದ್ದರ ನೂರನೇ ಒಂದು ಪಾಲು, ಅದೂ ಹಸುವಿನ ಕಾಲುಗಳ ಅಂತರದ ಹತ್ತುಪಟ್ಟು ಉದ್ದದ ಪ್ರಾಣಿಗೆ. ಆ ವಿದ್ಯುತ್ ಇರುವುದು ಕಣ್ಣುಮಿಟುಕಿಸುವುದರ ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಮೇಲಾಗಿ ತಿಮಿಂಗಿಲದ ಚರ್ಮದಡಿ ಗೇಣುದ್ದ ದಪ್ಪದ ಕೊಬ್ಬಿನ ಪದರವಿದೆ. ಕೊಬ್ಬಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯದು. ಪಕ್ಕದಲ್ಲೇ ಅಷ್ಟು ಸಲೀಸಾದ ಉಪ್ಪುನೀರಿರುವಾಗ ಅದು ಕೊಬ್ಬನ್ನು ಕೊರೆದು ಒಳಗೆ ನುಗ್ಗುವ ಗೋಜಿಗೆ ಹೋಗುವುದಿಲ್ಲ, ಮೈಯನ್ನು ಬಳಸಿಕೊಂಡು ಹೋಗುತ್ತದೆ.

ಇಲ್ಲೊಂದು ತಿದ್ದುಪಡಿ ಬೇಕು. ಸಿಡಿಲಿನಂತೆ ಕ್ಷಣಾರ್ಧದಲ್ಲಿ ಏರಿ ಇಳಿಯುವ ವಿದ್ಯುತ್ ಕಡಲಿನಲ್ಲಿ ಆಳಕ್ಕಿಳಿಯದೆ ಮೇಲಿನ ಕೆಲವೇ ಮೀಟರ್ ನೀರಿನಲ್ಲಿ ತೆಳುವಾಗಿ ಹರಡುತ್ತದೆ. ಹಾಗಾಗಿ ಮೇಲ್ಮೈಯಲ್ಲಿರುವ ಪ್ರಾಣಿಗೆ ನನ್ನ ಲೆಕ್ಕಕ್ಕಿಂತ ಕೆಲವು ಪಟ್ಟು ಹೆಚ್ಚು ತಗಲಬಹುದು, ಆಳದಲ್ಲಿರುವುದಕ್ಕೆ ಏನೇನೂ ತಗಲದೆ ಹೋಗಬಹುದು. ಒಂದೆರಡು ಮೀಟರ್ ಅಂತರದಲ್ಲಿ ಬಿದ್ದರೆ, ಅಥವಾ ನೇರ ಬೆನ್ನಿಗೇ ಬಡಿದರೆ, ಕಥೆ ಬೇರೆ. 2007ರಲ್ಲಿ ಅಮೆರಿಕದ ಫ್ಲೋರಿಡಾ ತೀರದಾಚೆ ಸ್ಕೂಬಾ ಮುಳುಗು ಮುಗಿಸಿ ನೀರಿನಿಂದ ತಲೆಯೆತ್ತಿದ ವ್ಯಕ್ತಿಯೊಬ್ಬ ಬೆನ್ನ ಮೇಲಿನ ಗಾಳಿಯ ಟ್ಯಾಂಕಿಗೆ ಸಿಡಿಲು ಬಡಿದು ಸತ್ತ. ಕಡಲಿನಲ್ಲಿ ಅಪಾಯವಿರುವುದು ನೀರಿಗೂ ಗಾಳಿಗೂ ನಡುವಿನ ಆ ಗಡಿಯಲ್ಲಿ. ತಿಮಿಂಗಿಲ, ಡಾಲ್ಫಿನ್, ಕಡಲಾಮೆಗಳು ದಿನವೂ ದಾಟಲೇಬೇಕಾದ ಗಡಿ ಅದು.

ಉಪ್ಪುನೀರು ಕಾಯುತ್ತದೆ, ಸಿಹಿನೀರು ಕೊಲ್ಲುತ್ತದೆ ಎಂಬ ಈ ಮಾತಿಗೆ ಸಾಕ್ಷಿ ಹುಡುಕಲು ಪ್ರಯೋಗಶಾಲೆಗೆ ಹೋಗಬೇಕಿಲ್ಲ. ನಮ್ಮ ಹೊಳೆ, ಕೆರೆಗಳಲ್ಲಿ ಕರೆಂಟ್ ಬಿಟ್ಟು ಮೀನು ಹಿಡಿಯುವ ಕಳ್ಳದಂಧೆ ಯಾಕೆ ನಡೆಯುತ್ತದೆ? ಸಿಹಿನೀರಿಗಿಂತ ಮೀನಿನ ಮೈಯೇ ಒಳ್ಳೆಯ ವಾಹಕ, ಹಾಗಾಗಿ ನೀರಿನಲ್ಲಿರುವ ವಿದ್ಯುತ್ ಮೀನನ್ನು ಹುಡುಕಿಕೊಂಡು ಹೋಗುತ್ತದೆ. ಕಡಲಿನಲ್ಲಿ ಅದೇ ತಂತಿ ಇಳಿಬಿಟ್ಟರೆ ಬಂಗುಡೆಗೆ ಏನೂ ಆಗದು. ವಿಕಾಸವೂ ಈ ಪಾಠವನ್ನು ಬಹಳ ಹಿಂದೆಯೇ ಬರೆದಿಟ್ಟಿದೆ. ಅಮೆಜಾನಿನ ಸಿಹಿನೀರಿನಲ್ಲಿ ಬಾಳುವ ವಿದ್ಯುತ್ ಈಲ್ 860 ವೋಲ್ಟ್‌ವರೆಗೆ ಹೊಡೆಯಬಲ್ಲದು, ಆದರೆ ಅದರ ಆಂಪಿಯರ್ ಕಡಿಮೆ. ಕಡಲಿನ ವಿದ್ಯುತ್ ತೊರಕೆಗಳು ಬಹುಪಾಲು ಕೆಲವು ಹತ್ತು ವೋಲ್ಟ್‌ಗಳಲ್ಲೇ ತೃಪ್ತಿಪಡುತ್ತವೆ, ಆದರೆ ಹರಿಸುವ ವಿದ್ಯುತ್ ಜಾಸ್ತಿ. ಉಪ್ಪುನೀರಿನಲ್ಲಿ ಬೇಟೆಯನ್ನು ಕೆಡವಬೇಕಾದರೆ ಅಷ್ಟೊಂದು ಆಂಪಿಯರ್ ಸುರಿಯಬೇಕು, ಏಕೆಂದರೆ ಹೆಚ್ಚಿನದೆಲ್ಲ ಪಕ್ಕದಿಂದ ಸೋರಿಹೋಗುತ್ತದೆ. ಸಿಡಿಲು ಸುರಿಯುವುದೂ ಹಾಗೆಯೇ ಸೋರಿಹೋಗುತ್ತದೆ.

ಇನ್ನು ಸಂಭವದ ಮಾತು. ಉಪಗ್ರಹಗಳ ಎಣಿಕೆಯಂತೆ ಇಡೀ ಭೂಮಿಯ ಮೇಲೆ ಸೆಕೆಂಡಿಗೆ ಸುಮಾರು 45 ಮಿಂಚುಗಳು ಮಿಂಚುತ್ತವೆ. ನೆಲದ ಮೇಲಿನ ಒಂದು ಚದರ ಕಿಲೋಮೀಟರಿಗೆ ಹತ್ತು ಬಂದರೆ ಕಡಲಿನ ಮೇಲೆ ಅಷ್ಟೇ ಜಾಗಕ್ಕೆ ಒಂದು. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಬಿಸಿಗಾಳಿ ರಭಸದಿಂದ ಮೇಲೇರಿ ಎತ್ತರದ ಮೋಡ ಕಟ್ಟುತ್ತದೆ. ಕಡಲಿಗೆ ಆ ಆತುರವಿಲ್ಲ. ಮಿಂಚುಗಳಲ್ಲೂ ಮುಕ್ಕಾಲು ಪಾಲು ಮೋಡದೊಳಗೇ ಮುಗಿದುಹೋಗುತ್ತವೆ. ಇದನ್ನೆಲ್ಲ ಕೂಡಿಸಿ ಕಳೆದರೆ ಕಡಲಿನ ಒಂದು ಚದರ ಕಿಲೋಮೀಟರಿಗೆ ಸಿಡಿಲು ಬೀಳುವುದು ಸರಾಸರಿ ಐದು ವರ್ಷಕ್ಕೊಮ್ಮೆ. ಸ್ಪರ್ಮ್ ತಿಮಿಂಗಿಲ ಮುಕ್ಕಾಲು ಗಂಟೆ ಆಳದಲ್ಲಿದ್ದು ಹತ್ತು ನಿಮಿಷ ಮೇಲಿರುವ ಪ್ರಾಣಿ. ಹಾಗೆ ನೋಡಿದರೆ ಒಂದು ಸ್ಪರ್ಮ್ ತಿಮಿಂಗಿಲ ಮೇಲ್ಮೈಯಲ್ಲಿರುವಾಗ ಅದರಿಂದ ಹತ್ತು ಮೀಟರ್ ಅಂತರದೊಳಗೆ ಸಿಡಿಲು ಬೀಳಬೇಕಾದರೆ ಸುಮಾರು 80,000 ವರ್ಷ ಕಾಯಬೇಕು. ಜಗತ್ತಿನಲ್ಲಿ ಎಂಟು ಲಕ್ಷದಷ್ಟು ಸ್ಪರ್ಮ್ ತಿಮಿಂಗಿಲಗಳಿವೆ ಎಂಬ ಅಂದಾಜನ್ನು ಹಿಡಿದರೆ, ಇಡೀ ಸಂತತಿಯಲ್ಲಿ ವರ್ಷಕ್ಕೆ ಹತ್ತಕ್ಕೆ ಅಷ್ಟು ಸಮೀಪದ ಅನುಭವವಾದೀತು. ಇದು ಲಕೋಟೆಯ ಹಿಂಬದಿಯ ಲೆಕ್ಕ. ಎರಡು ಪಟ್ಟು ಹೆಚ್ಚೋ ಕಡಿಮೆಯೋ ಆಗಬಹುದು. ನೂರು ಪಟ್ಟು ತಪ್ಪಾಗಲಾರದು. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ. ಗದ್ದೆಯಲ್ಲಿ, ಮರದಡಿಯಲ್ಲಿ, ದೋಣಿಯಲ್ಲಿ ಸಾಯುವ ನಮ್ಮವರ ಪಕ್ಕದಲ್ಲಿ ತಿಮಿಂಗಿಲದ ಪಾಡು ಎಷ್ಟೋ ಮೇಲು.

ಹಾಗಾದರೆ ಸತ್ತವು ಯಾಕೆ ಸಿಗುವುದಿಲ್ಲ ಎಂದು ಯಾರಾದರೂ ಕೇಳಿಯಾರು. ಕಡಲು ತನ್ನ ಸಾವುಗಳನ್ನು ದಡಕ್ಕೆ ಒಪ್ಪಿಸುವುದು ಅಪರೂಪ. ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ಸೋರಿಕೆಯಾದ ಮೇಲೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿ ಸಾಯುವ ತಿಮಿಂಗಿಲ, ಡಾಲ್ಫಿನ್‌ಗಳಲ್ಲಿ ಸರಾಸರಿ ನೂರಕ್ಕೆ ಎರಡರ ಹೆಣ ಮಾತ್ರ ಕಣ್ಣಿಗೆ ಬೀಳುತ್ತದೆ ಎಂದು ಅಂದಾಜಿಸಿತು. ಉಳಿದವು ಮುಳುಗುತ್ತವೆ, ಕೊಳೆಯುತ್ತವೆ, ಶಾರ್ಕ್‌ಗಳ ಪಾಲಾಗುತ್ತವೆ. ನಮ್ಮ ಕರಾವಳಿಗೆ ಅಪರೂಪಕ್ಕೆ ಬಂದು ಬೀಳುವ ಹೆಣವೂ ದಡ ಸೇರುವ ಹೊತ್ತಿಗೆ ಊದಿ, ಚರ್ಮ ಸುಲಿದು, ಸಾವಿನ ಕಾರಣ ಹೇಳುವ ಸ್ಥಿತಿಯಲ್ಲಿರುವುದಿಲ್ಲ.

ವಿದ್ಯುತ್ತನ್ನು ಬರೀ ಪೆಟ್ಟು ಎಂದೇ ನೋಡುವುದು ಕೂಡ ನಮ್ಮ ನೆಲದ ಬುದ್ಧಿ. ಕಡಲಿನ ಹಲವು ಪ್ರಾಣಿಗಳಿಗೆ ಅದು ಸುದ್ದಿ. ಶಾರ್ಕ್ ಮತ್ತು ತೊರಕೆಗಳ ಮೂತಿಯ ಮೇಲೆ ಲೋಳೆ ತುಂಬಿದ ಸಣ್ಣ ಸಣ್ಣ ರಂಧ್ರಗಳಿವೆ. ಅವುಗಳಿಂದ ಅವು ಒಂದು ಸೆಂಟಿಮೀಟರಿಗೆ ಒಂದು ವೋಲ್ಟಿನ ಇಪ್ಪತ್ತು ಕೋಟಿಯ ಒಂದು ಭಾಗದಷ್ಟು ಕ್ಷೀಣ ವಿದ್ಯುತ್ತನ್ನೂ ಗುರುತಿಸಬಲ್ಲವು. ಮರಳಿನಡಿ ಅಡಗಿದ ಮೀನಿನ ಮೈಯ ಮಿಡಿತ ಅವಕ್ಕೆ ಗೊತ್ತಾಗುವುದು ಹೀಗೆ. ಡಾಲ್ಫಿನ್‌ಗಳಲ್ಲೂ ಈ ಶಕ್ತಿ ಇದೆ ಎಂಬುದು ಹೊಸ ಸಂಗತಿ. ದಕ್ಷಿಣ ಅಮೆರಿಕದ ಗಯಾನಾ ಡಾಲ್ಫಿನ್‌ನಲ್ಲಿ ಇದು ಸಾಬೀತಾಗಿ ಹೆಚ್ಚೆಂದರೆ ಹದಿನೈದು ವರ್ಷವಾಯಿತು, ಬಾಟಲ್‌ನೋಸ್ ಡಾಲ್ಫಿನ್‌ನಲ್ಲಿ ಇನ್ನೂ ಇತ್ತೀಚೆಗೆ. ಸಿಡಿಲಿನ ಮುಖ್ಯ ಹೊಡೆತ ಇವುಗಳ ಇಂದ್ರಿಯಕ್ಕೆ ನಿಲುಕದಷ್ಟು ಚುರುಕಿನದು. ಆದರೆ ಕೆಲವು ಸಿಡಿಲುಗಳಲ್ಲಿ ಆ ಹೊಡೆತದ ಹಿಂದೆಯೇ ನೂರಿನ್ನೂರು ಆಂಪಿಯರಿನ ನಿಧಾನದ ಹರಿವೊಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೋ ಅದಕ್ಕಿಂತ ತುಸು ಹೆಚ್ಚೋ ಹೊತ್ತು ಉಳಿಯುತ್ತದೆ. ನೂರು ಮೀಟರ್ ಆಚೆಗೂ ಅದರ ಪ್ರಭಾವ ಶಾರ್ಕಿನ ಗ್ರಹಿಕೆಯ ಮಿತಿಗಿಂತ ನೂರಾರು ಪಟ್ಟು ಹೆಚ್ಚಿರುತ್ತದೆ. ಶಾರ್ಕಿಗೆ ಅದು ನೋವಾಗಬೇಕಿಲ್ಲ. ಹತ್ತಿರದಲ್ಲಿ ಸಿಡಿಲು ಬಿತ್ತೆಂಬ ಸುದ್ದಿ ಮೂತಿಯಿಂದಲೇ ತಿಳಿದರೆ ಆಶ್ಚರ್ಯಪಡಬೇಕಿಲ್ಲ, ಅಷ್ಟೆ.

ಬಿರುಗಾಳಿಯ ಸುಳಿವನ್ನು ಅವು ಬೇರೆ ದಾರಿಯಿಂದಲೂ ಹಿಡಿಯುತ್ತವೆ. 2001ರಲ್ಲಿ ಗೇಬ್ರಿಯಲ್ ಚಂಡಮಾರುತ ಫ್ಲೋರಿಡಾ ತಲುಪುವ ಮೊದಲೇ ಟೆರಾ ಸೀಯಾ ಕೊಲ್ಲಿಯ ಎಳೆಯ ಬ್ಲ್ಯಾಕ್‌ಟಿಪ್ ಶಾರ್ಕ್‌ಗಳು ಆಳದ ನೀರಿಗೆ ಹೊರಟುಹೋದವು, ಗಾಳಿ ತಗ್ಗಿದ ಮೇಲೆ ಮರಳಿದವು. ಅವುಗಳ ಮೈಗೆ ಕಟ್ಟಿದ್ದ ಸಂಕೇತ ಯಂತ್ರಗಳಿಂದ ಇದು ತಿಳಿಯಿತು. ಕಾರಣ ಗುಡುಗಲ್ಲ, ಗಾಳಿಯ ಒತ್ತಡದ ಕುಸಿತ ಎಂದು ಸಂಶೋಧಕರು ತೀರ್ಮಾನಿಸಿದರು. ನಮ್ಮ ಮಲೆನಾಡಿನಲ್ಲಿ ಮೊದಲ ಗುಡುಗಿಗೆ ಹತ್ತುಮೀನು, ಅಂದರೆ ಹೊಸ ನೀರಿಗೆ ಎದುರೇರುವ ಮೀನು, ಏಳುತ್ತದೆ ಎನ್ನುವುದುಂಟು. ಅಲ್ಲಿಯೂ ಮೀನನ್ನು ಕರೆಯುವುದು ಹೊಸ ನೀರು, ಕೀರ್ತಿ ಮಾತ್ರ ಗುಡುಗಿಗೆ. ಮೋಡದಲ್ಲಿ ಹುಟ್ಟಿದ ಗುಡುಗು ನೀರಿನೊಳಗೆ ಇಳಿಯುವುದೇ ಅಲ್ಪ. ಗಾಳಿಯಲ್ಲಿನ ಶಬ್ದ ನೀರಿನ ಮೇಲ್ಮೈಗೆ ಬಡಿದಾಗ ಅದರ ಶಕ್ತಿಯ ಸಾವಿರದಲ್ಲೊಂದು ಪಾಲು ಒಳಹೊಕ್ಕರೆ ಹೆಚ್ಚು, ಅದೂ ಹೆಚ್ಚುಕಡಿಮೆ ನೆತ್ತಿಯ ಮೇಲಿನಿಂದ ಬಂದರೆ ಮಾತ್ರ.

ನೀರಿಗೇ ಬಡಿದ ಸಿಡಿಲಿನ ಮಾತು ಬೇರೆ, ನನ್ನ ವಾದ ನಿಜವಾಗಿ ಶುರುವಾಗುವುದು ಇಲ್ಲಿಂದ. ಸಿಡಿಲಿನ ಎಳೆ ಕ್ಷಣಮಾತ್ರದಲ್ಲಿ ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿಯಾಗಿ ಸಿಡಿಯುತ್ತದೆ. ಅದರ ಬುಡ ನೀರಿನಲ್ಲೇ ಇರುವುದರಿಂದ ಆ ಸ್ಫೋಟ ನೇರ ನೀರಿಗೆ ಇಳಿಯುತ್ತದೆ. 1985ರಲ್ಲಿ ಆರ್. ಡಿ. ಹಿಲ್ ಎಂಬ ವಿಜ್ಞಾನಿ ಇದನ್ನು ಲೆಕ್ಕಹಾಕಿ, ಬಡಿದ ಜಾಗದಿಂದ ಒಂದು ಮೀಟರ್ ದೂರದಲ್ಲಿ ಶಬ್ದದ ಮಟ್ಟ ಸುಮಾರು 260 ಡೆಸಿಬೆಲ್ ಎಂದರು. ಅಂದಿನಿಂದ ಈ 260 ಎಂಬ ಸಂಖ್ಯೆ ಕಡಲ ಶಬ್ದದ ಹಲವು ಪಟ್ಟಿಗಳಲ್ಲಿ ತುದಿಯಲ್ಲಿ ಕೂತಿದೆ. ಅದರ ಕೆಳಗೆ ಹಡಗುಗಳು, ನೌಕಾಪಡೆಯ ಸೋನಾರ್, ಕಡಲತಳದಲ್ಲಿ ತೈಲ ಹುಡುಕಲು ಹೊಡೆಯುವ ಏರ್‌ಗನ್‌ಗಳು. ಪಟ್ಟಿಯನ್ನು ಹೀಗೆ ಮೇಲಿನಿಂದ ಕೆಳಗೆ ಓದಿದವರಿಗೆ ಒಂದು ತೀರ್ಮಾನ ತಾನಾಗಿ ಬರುತ್ತದೆ: ಪ್ರಕೃತಿಯೇ ಇಷ್ಟು ಗದ್ದಲ ಮಾಡುತ್ತಿರುವಾಗ ನಮ್ಮದೇನು ಮಹಾ? ತಿಮಿಂಗಿಲಗಳು ಕೋಟ್ಯಂತರ ವರ್ಷಗಳಿಂದ ಇದನ್ನು ಸಹಿಸಿಕೊಂಡು ಬಂದಿಲ್ಲವೇ?

ಈ ವಾದದಲ್ಲಿ ಮೂರು ಕಡೆ ಕಳ್ಳಲೆಕ್ಕವಿದೆ. ನೀರಿನ ಡೆಸಿಬೆಲ್ಲೂ ಗಾಳಿಯ ಡೆಸಿಬೆಲ್ಲೂ ಒಂದಲ್ಲ. ಎರಡರ ಅಳತೆಗೋಲು ಶುರುವಾಗುವ ಜಾಗ ಬೇರೆ, ನೀರಿನ ಗುಣ ಬೇರೆ. ನೀರಿನ ಸಂಖ್ಯೆಯಿಂದ ಸುಮಾರು 62 ಕಳೆದರೆ ಗಾಳಿಯ ಲೆಕ್ಕ ಸಿಗುತ್ತದೆ. ಸ್ಪರ್ಮ್ ತಿಮಿಂಗಿಲದ ಸ್ವಂತ ‘ಕ್ಲಿಕ್’ ಶಬ್ದವೇ 236 ಡೆಸಿಬೆಲ್ ತಲುಪುತ್ತದೆ ಎಂದರೆ 260 ಎಂಬುದು ಅಲ್ಲಿನವರಿಗೆ ನಾವು ಊಹಿಸುವಷ್ಟು ಲೋಕಾಂತ್ಯದ ಸದ್ದಲ್ಲ. ಇದು ಸಣ್ಣ ತಕರಾರು.

ಎರಡನೆಯದು ದೂರ. ಒಂದು ಮೀಟರ್ ಅಂತರದಲ್ಲಿ ಕಿವಿಯಿಟ್ಟು ಯಾವ ತಿಮಿಂಗಿಲವೂ ಸಿಡಿಲಿಗೆ ಕಾದಿರುವುದಿಲ್ಲ. ಶಬ್ದ ಸುತ್ತಲೂ ಹರಡುತ್ತ ನೂರು ಮೀಟರಿನಲ್ಲಿ 40, ಒಂದು ಕಿಲೋಮೀಟರಿನಲ್ಲಿ 60 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಅಮೆರಿಕದ ಸಾಗರ ಮೀನುಗಾರಿಕಾ ಸೇವೆಯ 2018ರ ಮಾರ್ಗಸೂಚಿಯಂತೆ ಒಂದೇ ಒಂದು ಗಟ್ಟಿಶಬ್ದದಿಂದ ನೀಲಿ ತಿಮಿಂಗಿಲದಂಥವುಗಳ ಕಿವಿ ಶಾಶ್ವತವಾಗಿ ಕೆಡಲು 219 ಡೆಸಿಬೆಲ್ ಬೇಕು, ಹಲ್ಲಿರುವ ಹೆಚ್ಚಿನ ತಿಮಿಂಗಿಲ ಮತ್ತು ಡಾಲ್ಫಿನ್‌ಗಳಿಗೆ 230. ಅಂದರೆ ಸಿಡಿಲಿನ ಅಪಾಯದ ವಲಯ ಮೊದಲನೆಯವಕ್ಕೆ ನೂರು ಮೀಟರಿನ ಆಸುಪಾಸು, ಎರಡನೆಯವಕ್ಕೆ ಮೂವತ್ತು ಮೀಟರ್. ಇವೆರಡಕ್ಕಿಂತ ನಾಜೂಕು ಕಿವಿಯ ಪ್ರಾಣಿಗಳೂ ಇವೆ: ನಮ್ಮ ಕರಾವಳಿಯ ಆಳವಿಲ್ಲದ ನೀರಿನಲ್ಲಿ ಬಾಳುವ, ಬೆನ್ನುರೆಕ್ಕೆಯಿಲ್ಲದ ಪೋರ್ಪಾಯ್ಸ್‌ನಂಥ ಪ್ರಾಣಿಗೆ ಮಿತಿ 202 ಡೆಸಿಬೆಲ್. ಅದೇ ಸೂತ್ರದಿಂದ ಅದರ ವಲಯ 800 ಮೀಟರಿನಷ್ಟು ದೊಡ್ಡದಾಗಬೇಕು. ಆದರೆ ನೀರಿನ ಮೇಲ್ಮೈಯಲ್ಲೇ ಹುಟ್ಟಿದ ಶಬ್ದ ಕೆಳಕ್ಕೆ ಹೋದಷ್ಟು ಅಡ್ಡಕ್ಕೆ ಹೋಗುವುದಿಲ್ಲ. ಮೇಲ್ಮೈಯಿಂದ ಹಿಮ್ಮರಳಿದ ಅಲೆ ಅದನ್ನು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಹಾಗಾಗಿ ಇವೆಲ್ಲ ಗರಿಷ್ಠ ಮಿತಿಗಳು. ಹಾಗಿದ್ದೂ ನಾನು ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಸಿಡಿಲಿನಿಂದ ಕಡಲ ಸಸ್ತನಿಗಳಿಗೆ ನಿಜವಾದ ಕೇಡೇನಾದರೂ ಆಗುತ್ತಿದ್ದರೆ ಅದು ಆಗುವುದು ಕಿವಿಯಲ್ಲಿ, ಹೃದಯದಲ್ಲಲ್ಲ. ಮತ್ತು ಕಡಲಿನಲ್ಲಿ ಕಿವಿ ಕಳೆದುಕೊಂಡ ತಿಮಿಂಗಿಲ ಕಣ್ಣು ಕಳೆದುಕೊಂಡ ಹದ್ದಿನಂತೆ: ಹಿಂಡನ್ನು ಹುಡುಕಲಾರದು, ಸಂಗಾತಿಯನ್ನು ಕರೆಯಲಾರದು, ಹಲ್ಲಿನ ತಿಮಿಂಗಿಲವಾದರೆ ಬೇಟೆಯನ್ನೂ ಹಿಡಿಯಲಾರದು.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ಆ ಪಟ್ಟಿ ಎಷ್ಟು ಜೋರು ಎಂದು ಹೇಳುತ್ತದೆ, ಎಷ್ಟು ಸಲ ಎಂದು ಹೇಳುವುದಿಲ್ಲ. ನೂರು ಮೀಟರ್ ಅಂತರದೊಳಗೆ ಸಿಡಿಲು ಬೀಳುವುದು, ಮೇಲಿನ ಸರಾಸರಿಯನ್ನೇ ಹಿಡಿದರೆ, ನೂರೈವತ್ತು ವರ್ಷಕ್ಕೊಮ್ಮೆ. ಎಂಬತ್ತು ತೊಂಬತ್ತು ವರ್ಷ ಬಾಳುವ ನೀಲಿ ತಿಮಿಂಗಿಲದ ಆಯುಷ್ಯದಲ್ಲಿ ಒಮ್ಮೆ ಆದರೂ ಆದೀತು, ಆಗದೆಯೂ ಹೋದೀತು. ತೈಲ ಸಮೀಕ್ಷೆಯ ಹಡಗಿನ ಏರ್‌ಗನ್‌ಗಳು ಹತ್ತು ಹದಿನೈದು ಸೆಕೆಂಡಿಗೊಮ್ಮೆ ಸಿಡಿಯುತ್ತವೆ. ದಿನಕ್ಕೆ ಸುಮಾರು ಏಳು ಸಾವಿರ ಸಲ. ಹಗಲು ರಾತ್ರಿ, ವಾರಗಟ್ಟಲೆ. ಅಟ್ಲಾಂಟಿಕ್ ಸಾಗರದ ನಡುವೆ ಇಟ್ಟ ನೀರಿನೊಳಗಿನ ಮೈಕ್‌ಗಳು ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಏರ್‌ಗನ್ ಸದ್ದನ್ನು ದಾಖಲಿಸಿವೆ. 2017ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದೇ ಒಂದು ಏರ್‌ಗನ್‌ನಿಂದ 1.2 ಕಿಲೋಮೀಟರ್ ದೂರದವರೆಗೂ ಸೂಕ್ಷ್ಮ ಪ್ಲವಕ ಜೀವಿಗಳು ಸಾಯುವುದನ್ನು ಕಂಡರು. ಆ ಜೀವಿಗಳೇ ಕಡಲಿನ ಅನ್ನ. ಸೋನಾರ್‌ನದು ಇನ್ನೊಂದು ಕಥೆ. ಅದರ ಮಟ್ಟ ಸಿಡಿಲಿಗಿಂತ ಎಷ್ಟೋ ಕೆಳಗಿದೆ. ಆದರೂ 2000ದ ಮಾರ್ಚ್‌ನಲ್ಲಿ ಬಹಾಮಾಸ್‌ನಲ್ಲಿ 17 ತಿಮಿಂಗಿಲ, ಡಾಲ್ಫಿನ್‌ಗಳು ದಡಕ್ಕೆ ಬಂದು ಬಿದ್ದಾಗ ತನ್ನ ಸೋನಾರೇ ಕಾರಣವಿರಬೇಕೆಂದು ಅಮೆರಿಕದ ನೌಕಾಪಡೆ ಒಪ್ಪಿಕೊಂಡಿತು. ಕ್ಯಾನರಿ ದ್ವೀಪಗಳ ಸುತ್ತ ಸ್ಪೇನ್ 2004ರಲ್ಲಿ ಸೋನಾರ್ ನಿಷೇಧಿಸಿದ ಮೇಲೆ ಅಲ್ಲಿ ಕೊಕ್ಕುತಿಮಿಂಗಿಲಗಳ ಸಾಮೂಹಿಕ ಸಾವುಗಳು ನಿಂತವು. ಡೆಸಿಬೆಲ್ ಪಟ್ಟಿಯ ತುದಿಯಲ್ಲಿರುವ ಸಿಡಿಲಿಗೆ ಇಂಥ ಅಪವಾದವೊಂದೂ ಇಲ್ಲ. ಅಪಾಯದ ಅಳತೆ ಡೆಸಿಬೆಲ್ ಒಂದೇ ಎಂಬ ವಾದ ಇಲ್ಲಿಗೇ ಕುಸಿಯುತ್ತದೆ.

‘ತಿಮಿಂಗಿಲಗಳಿಗೆ ಅಭ್ಯಾಸವಾಗಿದೆ’ ಎಂಬ ಮಾತಿನಲ್ಲೂ ಹುರುಳಿಲ್ಲ. ವಿಕಾಸ ಒಂದು ಜೀವಿಯನ್ನು ಅಣಿಗೊಳಿಸುವುದು ಪದೇ ಪದೇ ಎದುರಾದ ಕಷ್ಟಕ್ಕೆ. ಶತಮಾನಕ್ಕೊಮ್ಮೆ ಬರುವ ಹೊಡೆತದಿಂದ ಸಂತತಿ ಕಲಿಯುವುದು ಏನೂ ಇಲ್ಲ. ಅದು ದುರದೃಷ್ಟದ ಖಾತೆಗೆ ಹೋಗುತ್ತದೆ. ಒಂದು ಬಿಡಿ ಸ್ಫೋಟ ಕೇಳಿ ಉಳಿದ ಪ್ರಾಣಿ ಏಳು ಸಾವಿರ ಸ್ಫೋಟಗಳನ್ನೂ ತಾಳಿಕೊಳ್ಳುತ್ತದೆ ಎನ್ನುವುದು, ವರ್ಷಕ್ಕೊಮ್ಮೆ ದೀಪಾವಳಿ ಪಟಾಕಿ ಕೇಳಿದವರ ಮನೆ ಪಕ್ಕದಲ್ಲಿ ಕಲ್ಲುಕ್ವಾರಿ ತೆರೆದಂತೆ.

ನೈಸರ್ಗಿಕ ಸಿಡಿಲು ಎಂದು ಇಷ್ಟು ಹೊತ್ತು ಹೇಳುತ್ತ ಬಂದದ್ದರಲ್ಲೂ ಒಂದು ತೊಡಕಿದೆ. ಕಡಲಿನ ಎಲ್ಲ ಸಿಡಿಲೂ ನೈಸರ್ಗಿಕವಲ್ಲ. 2017ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೋಯಲ್ ಥಾರ್ನ್‌ಟನ್ ಮತ್ತು ಸಂಗಡಿಗರು ಹನ್ನೆರಡು ವರ್ಷಗಳ ಸಿಡಿಲಿನ ದಾಖಲೆಯನ್ನು ನಕ್ಷೆಯ ಮೇಲೆ ಹರಡಿದಾಗ, ಈಶಾನ್ಯ ಹಿಂದೂ ಮಹಾಸಾಗರದಲ್ಲೂ ದಕ್ಷಿಣ ಚೀನಾ ಸಮುದ್ರದಲ್ಲೂ ರೂಲರ್ ಇಟ್ಟು ಎಳೆದಂಥ ಗೆರೆಗಳು ಕಾಣಿಸಿದವು. ಅವು ಹಡಗುಗಳ ದಾರಿ. ಶ್ರೀಲಂಕಾದ ದಕ್ಷಿಣದಿಂದ ಸುಮಾತ್ರಾದ ಕಡೆಗೆ, ಅಲ್ಲಿಂದ ಮಲಕ್ಕಾ ಜಲಸಂಧಿಯೊಳಗೆ ಹಾದುಹೋಗುವ ಆ ದಾರಿಯ ಮೇಲೆ, ಅದರ ಎರಡು ಪಕ್ಕದ ನೀರಿಗಿಂತ ಸುಮಾರು ಎರಡರಷ್ಟು ಸಿಡಿಲು ಬೀಳುತ್ತಿತ್ತು. ಹಡಗಿನ ಹೊಗೆಯ ಗಂಧಕದ ಕಣಗಳು ಮೋಡದ ಹನಿಗಳನ್ನು ಸಣ್ಣದಾಗಿಸುತ್ತವೆ. ಸಣ್ಣ ಹನಿ ಬೇಗ ಮಳೆಯಾಗಿ ಸುರಿಯದೆ ಎತ್ತರಕ್ಕೇರಿ ಹೆಪ್ಪುಗಟ್ಟುತ್ತದೆ. ಅಲ್ಲಿ ಹಿಮದ ಕಣಗಳು ಒಂದಕ್ಕೊಂದು ಉಜ್ಜಿ ವಿದ್ಯುತ್ ಹುಟ್ಟುತ್ತದೆ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇಕಡಾ 3.5ರಿಂದ 0.5ಕ್ಕೆ ಇಳಿಯಿತು. ಅದರ ಬೆನ್ನಿಗೇ ಆ ದಾರಿಯ ಮೇಲಿನ ಸಿಡಿಲು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು ಎಂದು 2025ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಯಾರೂ ಸಿಡಿಲನ್ನು ಕಡಿಮೆ ಮಾಡಲು ಆ ನಿಯಮ ತಂದದ್ದಲ್ಲ; ಬಂದರು ಊರುಗಳ ಜನರ ಉಸಿರಿಗಾಗಿ ತಂದದ್ದು. ಆಕಾಶದ ಸಿಡಿಲೂ ಡೀಸೆಲ್ ಎಂಜಿನ್ನಿಗೆ ಕಿವಿಗೊಡುತ್ತದೆ ಎಂಬುದು ಅದರ ಅಡ್ಡಫಲವಾಗಿ ತಿಳಿಯಿತು.

ಇದೇ ದಾರಿ ಹಾಯುವ ಶ್ರೀಲಂಕಾದ ದೊಂಡ್ರಾ ತುದಿಯ ದಕ್ಷಿಣದ ನೀರು ನೀಲಿ ತಿಮಿಂಗಿಲಗಳ ಮೇವಿನ ಜಾಗ. ಧ್ರುವದ ಕಡೆಗೆ ದೂರ ವಲಸೆ ಹೋಗದೆ ಉತ್ತರ ಹಿಂದೂ ಮಹಾಸಾಗರದಲ್ಲೇ ಬಾಳುವ ತಿಮಿಂಗಿಲಗಳು ಇವು. ಇವುಗಳ ಹಾಡು ನಮ್ಮ ಲಕ್ಷದ್ವೀಪದ ಬಳಿಯೂ ದಾಖಲಾಗಿದೆ. ಹಾಗಾದರೆ ಇಲ್ಲಿ ಒಂದು ನೀಲಿ ತಿಮಿಂಗಿಲ ಉಸಿರಿಗೆ ಮೇಲೆ ಬಂದಾಗ ಎದುರಾಗುವ ಅಪಾಯಗಳನ್ನು ಸಾಲಾಗಿ ನಿಲ್ಲಿಸೋಣ. ಸಿಡಿಲು ಎಲ್ಲಕ್ಕಿಂತ ಹಿಂದೆ. ಅದರ ಮುಂದೆ ಹಡಗಿನ ಪ್ರೊಪೆಲ್ಲರ್ ಹಗಲಿರುಳು ಎಬ್ಬಿಸುವ ಸದ್ದು: ನೀಲಿ ತಿಮಿಂಗಿಲ ಮಾತಾಡುವ ಅದೇ ಮಂದ್ರಸ್ಥಾಯಿಯಲ್ಲಿರುವ ಸದ್ದು. ಎಲ್ಲಕ್ಕಿಂತ ಮುಂದೆ ಹಡಗಿನ ಮೂತಿ. ಜಗತ್ತಿನಾದ್ಯಂತ ತಿಮಿಂಗಿಲಗಳ ನೆಲೆಯ ಶೇಕಡಾ 92ರಷ್ಟು ಜಾಗದಲ್ಲಿ ಹಡಗು ಸಂಚಾರವಿದೆ, ಡಿಕ್ಕಿಯ ಅಪಾಯ ಹೆಚ್ಚಿರುವ ತಾಣಗಳಲ್ಲಿ ಶೇಕಡಾ 7ಕ್ಕಿಂತ ಕಡಿಮೆ ಕಡೆ ಮಾತ್ರ ಯಾವುದಾದರೂ ತಡೆಕ್ರಮವಿದೆ ಎಂದು 2024ರ ಅಧ್ಯಯನ ಹೇಳುತ್ತದೆ. ಇದರ ಜೊತೆಗೆ ಬಲೆಗೆ ಸಿಕ್ಕಿ ವರ್ಷಕ್ಕೆ ಸಾಯುವ ತಿಮಿಂಗಿಲ, ಡಾಲ್ಫಿನ್, ಪೋರ್ಪಾಯ್ಸ್‌ಗಳು ಮೂರು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ. ಸಿಡಿಲಿನ ಪಾಲಿಗೆ ನಾನು ಹಾಕಿದ ಲೆಕ್ಕ, ಸ್ಪರ್ಮ್ ತಿಮಿಂಗಿಲಗಳಲ್ಲಿ, ವರ್ಷಕ್ಕೆ ಹತ್ತು. ಅದೂ ಸಾವಲ್ಲ, ಹತ್ತಿರದ ಅನುಭವ.

ಹಡಗಿನ ದಾರಿಯನ್ನು ಸರಿಸುವುದು ಸಿಡಿಲನ್ನು ತಡೆಯುವಷ್ಟು ಕಷ್ಟದ ಕೆಲಸವಲ್ಲ. ದೊಂಡ್ರಾ ತುದಿಯ ಬಳಿ ಹಡಗುಗಳು ಹದಿನೈದು ನಾಟಿಕಲ್ ಮೈಲಿಯಷ್ಟು ದಕ್ಷಿಣಕ್ಕೆ ಸರಿದರೆ ನೀಲಿ ತಿಮಿಂಗಿಲಗಳಿಗೆ ಡಿಕ್ಕಿಯಾಗುವ ಅಪಾಯ ಶೇಕಡಾ 95ರಷ್ಟು ತಗ್ಗುತ್ತದೆ ಎಂದು ಸಂಶೋಧಕರು 2016ರಲ್ಲೇ ಹೇಳಿದ್ದರು. 2022ರಲ್ಲಿ ಎಂಎಸ್‌ಸಿ ಎಂಬ ದೈತ್ಯ ಕಂಟೈನರ್ ಹಡಗು ಸಂಸ್ಥೆ ತಾನಾಗಿಯೇ ದಕ್ಷಿಣದ ದಾರಿ ಹಿಡಿಯಿತು. ಇಂಧನದ ಖರ್ಚು ತುಸು ಹೆಚ್ಚಿತಷ್ಟೆ, ಸರಕು ತಲುಪುವಲ್ಲಿಗೆ ತಲುಪುತ್ತಿದೆ. ಒಂದು ಕಂಪನಿ ಮನಸ್ಸು ಮಾಡಿದರೆ ಆಗುವಂಥದ್ದನ್ನು ಉಳಿದವರಿಗೂ ಕಡ್ಡಾಯ ಮಾಡಲು ಶ್ರೀಲಂಕಾ ಸರ್ಕಾರ ಅಂತರರಾಷ್ಟ್ರೀಯ ಕಡಲ ಸಂಸ್ಥೆಗೆ ಪ್ರಸ್ತಾವ ಒಯ್ಯಬೇಕು, ಆ ದಾರಿಯನ್ನೇ ನೆಚ್ಚಿರುವ ಭಾರತದಂಥ ನೆರೆಯ ದೇಶಗಳು ಅದಕ್ಕೆ ಒತ್ತಾಸೆಯಾಗಿ ನಿಲ್ಲಬೇಕು.